ಗಾಲಿಯ ಮೇಲಿನ ಮನೆಗೊಂದು ಉಪಕರಣದ ಪೆಟ್ಟಿಗೆ

ಕಳೆದ ವರ್ಷ ನಮ್ಮ ಅಳಿಯ ಬೆಂಗಳೂರಿನಿಂದ ವ್ಯಾನೊಂದನ್ನು ಓಡಿಸಿಕೊಂಡು ಬಂದು ಸೇಲಂನ ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಹೊರಗಿನಿಂದ ನೋಡಿದರೆ ಅದು ಶಾಲೆಯ ಮಕ್ಕಳನ್ನು ಕರೆದೊಯ್ಯುವ ಸಾಮಾನ್ಯ ವಾಹನದಂತೆಯೇ ಇತ್ತು. ಬಾಗಿಲು ತೆರೆದರೆ ಒಳಗೊಂದು ಪುಟ್ಟ ಸಂಸಾರ! ಮಡಚುವ ಮಂಚಗಳು, ಒಂದು ಒಲೆ, ನೀರಿನ ಕ್ಯಾನುಗಳು, ತಲೆಯ ಮೇಲೊಂದು ಸಣ್ಣ ಫ್ಯಾನು. ಮೆಟ್ಟೂರು, ಪಾಲಾರ್ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ, ಹಿಂದಿರುಗುವಾಗ ಪೆನ್ನಾಗರಂ, ಹೊಗೇನಕಲ್, ಧರ್ಮಪುರಿಗಳನ್ನು ನೋಡಿಕೊಂಡು ಬರುವುದು, ನಾಲ್ಕು ದಿನ ಅದರಲ್ಲಿಯೇ ಅಡುಗೆ, ಅದರಲ್ಲಿಯೇ ನಿದ್ರೆ ಎಂಬುದು ಮಗಳು, ಅಳಿಯ ಮತ್ತು ಮೊಮ್ಮಗಳು ಸೇರಿ ಮಾಡಿದ್ದ ಯೋಜನೆ. ನನ್ನನ್ನೂ ನನ್ನ ಶ್ರೀಮತಿಯನ್ನೂ ಅವರು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ಅಳಿಯ ಒಂದು ದೊಡ್ಡ ಪೆಟ್ಟಿಗೆಯನ್ನು ಹೊತ್ತು ತಂದು ಜಗುಲಿಯ ಮೇಲಿಟ್ಟರು. ಅದರಲ್ಲಿ ನೂರಕ್ಕೂ ಹೆಚ್ಚು ಉಪಕರಣಗಳು, ಒಂದೊಂದೂ ತನ್ನ ತನ್ನ ಗುಳಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದವು. "ಮಾವ, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಎಲ್ಲವನ್ನೂ ಕೊಂಡುಬಿಟ್ಟೆ. ಇನ್ನೂ ಏನಾದರೂ ಬೇಕೇ, ನೋಡಿ ಹೇಳಿ" ಎಂದರು. ನಾನು ಒಂದು ದುಂಡನೆಯ ಸಾಧನವನ್ನು ಎತ್ತಿ, "ಇದು ಯಾವುದಕ್ಕೆ?" ಎಂದು ಕೇಳಿದೆ. ಅವರು ನಕ್ಕರು. ಅವರಿಗೂ ತಿಳಿದಿರಲಿಲ್ಲ. ನನಗೆ ಮೊದಲೇ ತಿಳಿದಿರಲಿಲ್ಲ.

ಗಾಲಿಯ ಮೇಲಿನ ಮನೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸಂಕಗಿರಿ, ನಾಮಕ್ಕಲ್‌ಗಳ ಲಾರಿಗಳು ದೇಶದ ನಾಲ್ಕೂ ದಿಕ್ಕಿಗೆ ಹೋಗುತ್ತವೆ. ತಿರುಚೆಂಗೋಡಿನ ಕೊಳವೆಬಾವಿ ಲಾರಿಗಳು ಹೊರಟರೆಂದರೆ, ಅವುಗಳ ಆಳುಗಳು ತಿಂಗಳುಗಟ್ಟಲೆ ಪರರಾಜ್ಯಗಳಲ್ಲಿ ಆ ಲಾರಿಯನ್ನೇ ಮನೆ ಮಾಡಿಕೊಂಡು ಬಾಳುತ್ತಾರೆ. ನಾಮಕ್ಕಲ್ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ಈ ಊರುಗಳೆಲ್ಲ ನಮ್ಮ ಸೇಲಂ ಜಿಲ್ಲೆಯವೇ ಆಗಿದ್ದವು. ರಸ್ತೆಯ ಬದಿಯಲ್ಲಿ ಲಾರಿಯ ನೆರಳಿಗೆ ಸೀಮೆಎಣ್ಣೆಯ ಸ್ಟೌ ಹಚ್ಚಿ ಅನ್ನ ಬೇಯಿಸುತ್ತಿದ್ದ ಚಾಲಕರನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಅಂತಹ ಒಬ್ಬ ಹಿರಿಯ ಚಾಲಕರು ನಮ್ಮ ಬೀದಿಯಲ್ಲಿಯೇ ಇದ್ದರು. ಮನೆಯಲ್ಲಿ ನಮ್ಮಂತೆಯೇ ಕನ್ನಡ, ಬೀದಿಯಲ್ಲಿ ತಮಿಳು, ದಾರಿಯಲ್ಲಿ ಸಿಕ್ಕ ಭಾಷೆ. ಅವರನ್ನು ನಾವೆಲ್ಲ 'ಅಣ್ಣ' ಎಂದೇ ಕರೆಯುತ್ತಿದ್ದೆವು. ಅವರ ಲಾರಿಯ ಉಪಕರಣಗಳೆಲ್ಲ ಒಂದು ಗೋಣಿಚೀಲದಲ್ಲಿ ಹಿಡಿಯುತ್ತಿದ್ದವು. ಅದನ್ನು ಕಂಡು ನಾನು ಒಮ್ಮೆ, "ಇಷ್ಟೇ ಸಾಕೇ ಅಣ್ಣ?" ಎಂದು ಕೇಳಿದ್ದೆ.

ಅದಕ್ಕೆ ಅವರು ಮೂರು ಪ್ರಶ್ನೆಗಳನ್ನು ಹೇಳಿದರು. ಈ ಕೆಡುಕು ಗಾಡಿಯನ್ನು ನಿಲ್ಲಿಸಿಬಿಡುವಂಥದ್ದೇ? ನಿಲ್ಲಿಸುವುದಾದರೆ, ಅದನ್ನು ದಾರಿಯಲ್ಲಿ ನನ್ನ ಕೈ ಸರಿಮಾಡಬಲ್ಲುದೇ? ಪೂರ್ತಿ ಸರಿಮಾಡಲಾಗದಿದ್ದರೆ, ಮುಂದಿನ ಊರಿನ ಮೆಕ್ಯಾನಿಕ್ ಶೆಡ್‌ವರೆಗಾದರೂ ಸಾಗುವಂತೆ ಕಟ್ಟಿ ನಿಲ್ಲಿಸಬಹುದೇ? ಈ ಮೂರರಲ್ಲಿ ಯಾವುದಕ್ಕೂ ಒದಗದ ಸಾಮಾನು ಬರಿಯ ಭಾರ. ಬಿ.ಎಡ್. ತರಗತಿಯಲ್ಲಿ ಪಾಠದ ಉದ್ದೇಶಗಳನ್ನು ವಿಂಗಡಿಸುವುದನ್ನು ನಾನು ಒಂದು ವರ್ಷ ಕಲಿತಿದ್ದೆ. ಇಷ್ಟು ಅಚ್ಚುಕಟ್ಟಾದ ವಿಂಗಡಣೆಯನ್ನು ಅಲ್ಲಿ ಕಂಡ ನೆನಪಿಲ್ಲ.

ಅಂದಿನ ವಾಹನಗಳಿಗೆ ಅಂದಿನ ಉಪಾಯಗಳಿದ್ದವು. ಪೆಟ್ರೋಲ್ ಟ್ಯಾಂಕು ಸಣ್ಣಗೆ ಸೋರಿದರೆ ಬಟ್ಟೆ ಸೋಪನ್ನು ಕಲಸಿ ಮೆತ್ತುತ್ತಿದ್ದರು. ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಒಂದು ಹಿಡಿ ಅರಿಶಿನದ ಪುಡಿಯನ್ನು ಸುರಿಯುತ್ತಿದ್ದರು. ಫ್ಯಾನ್ ಬೆಲ್ಟ್ ಹರಿದರೆ ಪಂಚೆಯ ಅಂಚನ್ನು ಹೊಸೆದು ಬಿಗಿದು ಹತ್ತಿರದ ಊರನ್ನು ಮುಟ್ಟುತ್ತಿದ್ದರು. ಡೀಸೆಲ್ ಮುಗಿದು ಕೊಳವೆಯಲ್ಲಿ ಗಾಳಿ ಸೇರಿದರೆ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆ ನಿಂತು ಬರಿಯ ಎಣ್ಣೆ ಬರುವವರೆಗೆ ಕಾಯುತ್ತಿದ್ದರು. ಇಂದಿನ ವಾಹನಗಳ ಇಂಜಿನ್ನಿಗೆ ಗಣಕಯಂತ್ರದ ಕಾವಲಿದೆ. ಅರಿಶಿನ ಹಾಕಿದರೆ ನೀರಿನ ಸಣ್ಣ ದಾರಿಗಳೆಲ್ಲ ಮುಚ್ಚಿಹೋಗಿ ಖರ್ಚು ಹೆಚ್ಚೀತು. ಆದರೆ ಅಣ್ಣನ ಪ್ರಶ್ನೆಗಳು ಮಾತ್ರ ಹಳತಾಗಿಲ್ಲ.

ಆದುದರಿಂದ ಮರುದಿನ ಭಾನುವಾರ ಬೆಳಿಗ್ಗೆ ನಾನು ಅಳಿಯನಿಗೆ, "ಪೆಟ್ಟಿಗೆ ಆಮೇಲೆ ನೋಡೋಣ. ಮೊದಲು ಇಲ್ಲಿಯೇ ಒಂದು ಚಕ್ರ ಬದಲಾಯಿಸೋಣ" ಎಂದೆ. ಮನೆಯ ಮುಂದೆ ನಿಂತ ಗಾಡಿಯಲ್ಲಿ ಸೋಲುವುದು ಅಗ್ಗ. ಕಾಡಿನ ದಾರಿಯಲ್ಲಿ ಸೋಲುವುದು ದುಬಾರಿ.

ಆ ಒಂದು ಗಂಟೆಯಲ್ಲಿ ನಾಲ್ಕು ಸಂಗತಿಗಳು ಹೊರಬಿದ್ದವು. ಮೊದಲನೆಯದಾಗಿ, ಗಾಡಿಯೊಂದಿಗೆ ಬಂದಿದ್ದ ಸ್ಪಾನರ್ ಒಂದಡಿ ಉದ್ದದ್ದು. ಟೈರ್ ಅಂಗಡಿಯಲ್ಲಿ ಗಾಳಿಯ ಯಂತ್ರದಿಂದ ಬಿಗಿದಿದ್ದ ನಟ್ಟುಗಳು ಅದಕ್ಕೆ ಅಲುಗಲಿಲ್ಲ. ಹಿತ್ತಲಿನಲ್ಲಿದ್ದ ಎರಡಡಿಯ ಕಬ್ಬಿಣದ ಪೈಪನ್ನು ಸ್ಪಾನರಿನ ಹಿಡಿಗೆ ತೊಡಿಸಿದೆವು. ಸನ್ನೆಯ ನಿಯಮ ಎಂಟನೆಯ ತರಗತಿಯದು. ಹಿಡಿಯ ಉದ್ದ ಎರಡರಷ್ಟಾದರೆ ಬೇಕಾಗುವ ಬಲ ಅರ್ಧವಾಗುತ್ತದೆ. ಅಳಿಯನಿಗೆ ಅಲುಗದ ನಟ್ಟನ್ನು ಹದಿನಾಲ್ಕು ವರ್ಷದ ಮೊಮ್ಮಗಳು ಸಡಿಲಿಸಿದಳು. ಎರಡನೆಯದು, ಜಾಕಿಯ ಪಾದ ಮಣ್ಣಿನಲ್ಲಿ ಹೂತುಹೋಯಿತು. ಅದರ ಕೆಳಗಿಡಲು ಒಂದಡಿ ಚೌಕದ ಗಟ್ಟಿ ಹಲಗೆ ಬೇಕು. ಮೂರನೆಯದು, ಸ್ಟೆಪ್ನಿಯಲ್ಲಿ ಅರ್ಧದಷ್ಟೂ ಗಾಳಿಯಿರಲಿಲ್ಲ. ಎಷ್ಟು ದಿನದಿಂದ ಹಾಗಿತ್ತೋ! ನಾಲ್ಕನೆಯದಾಗಿ, ಗಾಡಿಯನ್ನು ಎತ್ತಿದ ಮೇಲೆ ನಟ್ಟು ತಿರುಗಿಸಹೊರಟರೆ ಚಕ್ರವೇ ತಿರುಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಬೇಕು. ಮರಳಿ ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರೆದುರಿನವನ್ನು ಬಿಗಿಯಬೇಕು. ಇವನ್ನೆಲ್ಲ ಕೈಪಿಡಿಯಲ್ಲಿ ಓದಿದ್ದೆವು. ಓದಿದ್ದು ಕೈಗೆ ಬಂದಿರಲಿಲ್ಲ.

'ಸ್ಟೆಪ್ನಿ' ಎಂಬ ಪದದ ಬಗ್ಗೆ ಮೊಮ್ಮಗಳು ಕೇಳಿದಳು. ಅದು ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಸಹೋದರರು ಮೋಟಾರು ಗಾಡಿಗೆ ಹೆಚ್ಚುವರಿ ಚಕ್ರವನ್ನು ತಯಾರಿಸಿ ಮಾರಲು ತೊಡಗಿದರು. ಅವರ ನಾಡಿನವರೇ ಮರೆತ ಆ ಹೆಸರನ್ನು ನಮ್ಮ ಚಾಲಕರು ಇಂದಿಗೂ ಕಾಪಾಡಿಕೊಂಡಿದ್ದಾರೆ. ಹಾಗೆಯೇ ತಿರುಪುಳಿ ಎಂಬ ಪದ. ಕನ್ನಡದ ತಿರುಪುಳಿಗೂ ತಮಿಳಿನ ತಿರುಪ್ಪುಳಿಗೂ ಒಂದು ಒತ್ತಕ್ಷರದ ಅಂತರ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥವರ ಪೆಟ್ಟಿಗೆಯಲ್ಲಿ ಅದಕ್ಕೊಂದು ಹಕ್ಕಿನ ಸ್ಥಾನವಿದೆ.

ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆಯ ಆಯ್ಕೆ ನಡೆಯಿತು. ಅಂಬಾಸಿಡರ್ ಕಾಲದ ಸ್ಪಾನರುಗಳು ಅಂಗುಲದ ಅಳತೆಯವು, ನನ್ನ ಬಳಿ ಉಳಿದಿದ್ದ ಅವು ಇಂದಿನ ಗಾಡಿಗೆ ಹೊಂದುವುದಿಲ್ಲ. ಹೊಸ ಪೆಟ್ಟಿಗೆಯಿಂದ 10, 12, 13, 14, 17 ಮಿಲಿಮೀಟರಿನ ಸ್ಪಾನರುಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದೂ ನಮ್ಮ ಗಾಡಿಯ ಯಾವ ನಟ್ಟಿಗೆ ಕೂರುತ್ತದೆಂದು ಇಟ್ಟು ನೋಡಿದೆವು. ಎರಡು ತಿರುಪುಳಿ, ಒಂದು ಇಕ್ಕಳ, ಒಂದು ಸುತ್ತಿಗೆ, ಕಟ್ಟುತಂತಿಯ ಸುರುಳಿ, ವಿದ್ಯುತ್ ಟೇಪು, ಗಟ್ಟಿ ಹಗ್ಗ. ಟ್ಯೂಬಿಲ್ಲದ ಟೈರಿಗೆ ಮೊಳೆ ಚುಚ್ಚಿದರೆ ತೂತು ಮುಚ್ಚುವ ರಬ್ಬರ್ ಬತ್ತಿಗಳು, ಗಾಡಿಯ ಬ್ಯಾಟರಿಯಿಂದಲೇ ನಡೆಯುವ ಗಾಳಿಯ ಪಂಪು. ಟೈರಿನ ಪಕ್ಕೆ ಸೀಳಿದರೆ ಬತ್ತಿಯಿಂದ ಪ್ರಯೋಜನವಿಲ್ಲ, ಅಲ್ಲಿ ಸ್ಟೆಪ್ನಿಯೇ ಗತಿ.

ಫ್ಯೂಸ್‌ಗಳಲ್ಲಿ ಮೂಲದಲ್ಲಿದ್ದ ಆಂಪಿಯರಿನವೇ ಎರಡೆರಡು. ಫ್ಯೂಸ್ ಹೋದ ಕಡೆ ತಂತಿ ಸುತ್ತಿ ಓಡಿಸುವ ಜಾಣತನ ಗಾಡಿಯನ್ನೇ ಸುಟ್ಟೀತು, ಅದರಲ್ಲಿಯೂ ಒಲೆ ಮತ್ತು ಹಾಸಿಗೆಗಳಿರುವ ಗಾಡಿಯನ್ನು. ಬ್ಯಾಟರಿ ಸೋತಾಗ ಇನ್ನೊಂದು ಗಾಡಿಯಿಂದ ಜೀವ ಪಡೆಯಲು ಒಂದು ಜೋಡಿ ದಪ್ಪ ತಂತಿ. ಕೆಂಪು ತಂತಿಯಿಂದ ಎರಡು ಬ್ಯಾಟರಿಗಳ ಧನ ತುದಿಗಳನ್ನು ಕೂಡಿಸಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೆ ಹಾಕಿ, ಅದರ ಕೊನೆಯನ್ನು ಸೋತ ಬ್ಯಾಟರಿಗಲ್ಲದೆ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಾಗಿಸಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ತಂತಿಗೇ ಕಟ್ಟಿದೆವು. ಕೈಯಲ್ಲಿ ಹಿಡಿಯುವ ಟಾರ್ಚಿನ ಬದಲು ಹಣೆಗೆ ಕಟ್ಟುವ ದೀಪ, ಏಕೆಂದರೆ ರಾತ್ರಿಯಲ್ಲಿ ಎರಡು ಕೈಗಳೂ ಬೇಕು. ಇಂಜಿನ್ ಕಾದಾಗ ಬೇಕಾಗುವ ಐದು ಲೀಟರ್ ನೀರು, ಜೊತೆಗೆ ಕಾದ ರೇಡಿಯೇಟರಿನ ಮುಚ್ಚಳವನ್ನು ಆರುವವರೆಗೆ ಮುಟ್ಟದಿರುವ ತಾಳ್ಮೆ. ಹೆದ್ದಾರಿಯ ನೆರವಿಗೆ 1033, ಆಂಬುಲೆನ್ಸಿಗೆ 108, ಈ ಎರಡು ಸಂಖ್ಯೆಗಳು ಮುಚ್ಚಳದ ಒಳಬದಿಯಲ್ಲಿ. ಉಳಿದ ಎಂಬತ್ತಕ್ಕೂ ಹೆಚ್ಚು ಹೊಳೆಯುವ ಸಾಮಾನುಗಳು ಮನೆಯ ಅಟ್ಟಕ್ಕೆ ಹೋದವು.

ಕೊನೆಗೆ ನಾನು ಬಡಗಿಯಿಂದ ಮಾಡಿಸಿ ತಂದಿದ್ದ ಎರಡು ಮರದ ಬೆಣೆಗಳನ್ನು ಇಟ್ಟೆ. ಒಂದೊಂದಕ್ಕೂ ಕೆಂಪು ಬಣ್ಣ, ಒಂದೊಂದಕ್ಕೂ ಎರಡು ಮೊಳ ಹಗ್ಗ. ಅದರ ಜೊತೆಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನ. ಅಳಿಯ ಬೆಣೆಗಳನ್ನು ಕೈಯಲ್ಲಿ ತೂಗಿ ನೋಡಿ, "ಇವು ಭಾರ ಮಾವ. ಚಕ್ರಕ್ಕೆ ಒತ್ತು ಕೊಡಲು ದಾರಿಯಲ್ಲಿ ಕಲ್ಲು ಸಿಗುವುದಿಲ್ಲವೇ?" ಎಂದರು.

"ಸಿಗುತ್ತದೆ. ಅದಕ್ಕೇ ಇವು ಬೇಕು" ಎಂದಷ್ಟೇ ಹೇಳಿದೆ. ಕಾರಣವನ್ನು ಅಂದು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

1985ರ ಆಡಿ ಹದಿನೆಂಟರ ದಿನ ನಾವು ಹೊಗೇನಕಲ್‌ನಲ್ಲಿ ಸ್ನಾನ ಮುಗಿಸಿ ನಮ್ಮ ಭಾವನವರ ಹಳೆಯ ಕಾರಿನಲ್ಲಿ ಸೇಲಂಗೆ ಹಿಂದಿರುಗುತ್ತಿದ್ದೆವು. ಅಕ್ಕ, ಭಾವ, ನನ್ನ ತಾಯಿ, ನನ್ನ ಶ್ರೀಮತಿ, ತೊಡೆಯ ಮೇಲೆ ಮಕ್ಕಳು. ಧರ್ಮಪುರಿ ದಾಟಿ ತೊಪ್ಪೂರು ಘಟ್ಟವನ್ನು ಇಳಿಯುವಾಗ ಕತ್ತಲಾಗಿತ್ತು. ಈಗಿನ ನಾಲ್ಕು ಪಥದ ಹೆದ್ದಾರಿಯಲ್ಲ, ಹೋಗುವುದೂ ಬರುವುದೂ ಒಂದೇ ರಸ್ತೆಯಲ್ಲಿ. ಹಿಂದಿನ ಚಕ್ರ ಪಂಚರಾಯಿತು. ಭಾವ ಜಾಕಿ ಹಿಡಿದು ಕೂತರು. ಗಾಡಿ ಜಾರದಂತೆ ಮುಂಚಕ್ರದ ಮುಂದೆ ಕಲ್ಲಿಡುವುದು, ಹಿಂದಿನಿಂದ ಬರುವ ಲಾರಿಗಳಿಗೆ ತಿಳಿಯುವಂತೆ ಗುರುತು ಮಾಡುವುದು ನನ್ನ ಪಾಲಿನ ಕೆಲಸ. ಲಾರಿಯವರು ಮಾಡುವಂತೆಯೇ ನಾನು ಮೂವತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಟಾರು ರಸ್ತೆಯ ಮೇಲೆ ತೆಂಗಿನಕಾಯಿಯ ಗಾತ್ರದ ಮೂರು ಕಲ್ಲುಗಳನ್ನಿಟ್ಟು, ಸೊಪ್ಪಿನ ಕೊಂಬೆಯೊಂದನ್ನು ಮುರಿದು ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಚಕ್ರ ಬದಲಾಯಿತು. ಮುಂಚಕ್ರದ ಕಲ್ಲನ್ನು ತೆಗೆಯದೆ ಗಾಡಿ ಹೊರಡದು, ಆದ್ದರಿಂದ ಅದನ್ನು ತೆಗೆದೆ. ಮಕ್ಕಳು ಅಳುತ್ತಿದ್ದರು. ಎಲ್ಲರೂ ಹತ್ತಿ ಹೊರಟೆವು.

ಓಮಲೂರಿನಲ್ಲಿ ಕಾಫಿಗೆ ನಿಂತಾಗ, ಲೋಟ ಕೈಯಲ್ಲಿರುವಂತೆಯೇ ನನಗೆ ಆ ಮೂರು ಕಲ್ಲುಗಳ ನೆನಪಾಯಿತು. ಭಾವನವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಬಳಲಿದ್ದರು ಅಷ್ಟೆ. "ಈ ಹೊತ್ತಿನಲ್ಲಿ ಮತ್ತೆ ಘಟ್ಟ ಹತ್ತುವುದೇ? ಸ್ಟೆಪ್ನಿಯೂ ಇಲ್ಲ. ಯಾರಾದರೂ ಕಂಡವರು ಸರಿಸುತ್ತಾರೆ ಬಿಡು" ಎಂದರು. ನಾನು ಬಿಟ್ಟೆ. ಬಿಟ್ಟವನು ನಾನು, ಅವರಲ್ಲ. ಹಿಂದಿರುಗುವ ಬಸ್ಸುಗಳು ಓಮಲೂರಿನಲ್ಲಿ ಬೇಕಾದಷ್ಟಿದ್ದವು.

ಮೂರು ದಿನಗಳ ಮೇಲೆ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಆ ಕಡೆಯ ಸಹೋದ್ಯೋಗಿಯೊಬ್ಬರು ಮಾತಿನ ನಡುವೆ, ತೊಪ್ಪೂರಿನ ಇಳಿಜಾರಿನಲ್ಲಿ ಹಾಲಿನವನೊಬ್ಬ ಬೆಳಗಿನ ಜಾವ ಮೊಪೆಡ್ಡಿನಿಂದ ಬಿದ್ದನೆಂದೂ, ರಸ್ತೆಯಲ್ಲಿ ಕಲ್ಲಿತ್ತಂತೆ ಎಂದೂ ಹೇಳಿದರು. ಯಾವ ದಿನ ಎಂದು ಕೇಳಿದೆ. ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಘಟ್ಟದಲ್ಲಿಳಿದೆ. ಸೊಪ್ಪು ಒಣಗಿ ಬಿದ್ದಿತ್ತು. ಎರಡು ಕಲ್ಲುಗಳು ರಸ್ತೆಯ ಅಂಚಿಗೆ ಉರುಳಿದ್ದವು. ಮೂರನೆಯದು ಸಿಗಲಿಲ್ಲ. ಸಿಕ್ಕ ಎರಡನ್ನು ಹಳ್ಳಕ್ಕೆ ಎಸೆದೆ. ಕೆಳಗಿನ ಟೀ ಅಂಗಡಿಯಲ್ಲಿ ಹಾಲಿನವನನ್ನು ಕುರಿತು ವಿಚಾರಿಸಿದೆ. ಯಾರೋ ಆಸ್ಪತ್ರೆಗೆ ಕರೆದುಕೊಂಡು ಹೋದರು, ಭುಜದ ಮೂಳೆ ಮುರಿದಿತ್ತು ಎಂದರು. ಯಾವ ಊರಿನವನೆಂದು ಅವರೂ ಹೇಳಲಿಲ್ಲ.

ಅದು ನನ್ನ ಕಲ್ಲೇ ಆಗಿತ್ತೋ, ಬೇರೆ ಯಾರದೋ ಲಾರಿಯದಾಗಿತ್ತೋ ನನಗೆ ಇಂದಿಗೂ ತಿಳಿಯದು. ಹೊಣೆಗಾರಿಕೆಯನ್ನು ಕುರಿತು ಪ್ರಾರ್ಥನಾ ಸಭೆಗಳಲ್ಲಿ ಮಕ್ಕಳಿಗೆ ಎಷ್ಟೋ ವರ್ಷ ಮಾತನಾಡಿದೆ. ಈ ಸಂಗತಿಯನ್ನು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಉಳಿದ ಮಾತುಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಅಣ್ಣನ ಮೂರು ಪ್ರಶ್ನೆಗಳಿಗೆ ನಾನು ನಾಲ್ಕನೆಯದೊಂದನ್ನು ಸೇರಿಸಿದ್ದು ಹೀಗೆ: ನನ್ನ ರಿಪೇರಿ ಮುಗಿದ ಮೇಲೆ ರಸ್ತೆಯಲ್ಲಿ ಏನು ಉಳಿಯುತ್ತದೆ? ದಾರಿಯಲ್ಲಿ ಸಿಕ್ಕ ಕಲ್ಲಿಗೆ ದುಡ್ಡು ಕೊಟ್ಟಿಲ್ಲ, ಆದ್ದರಿಂದ ಅದನ್ನು ಬಿಟ್ಟು ಹೋಗುವಾಗ ಮನಸ್ಸು ಎಚ್ಚರಿಸುವುದಿಲ್ಲ. ಬಡಗಿಗೆ ಹಣ ತೆತ್ತು, ಬಣ್ಣ ಬಳಿದು, ಮನೆಯಿಂದ ತಂದ ಬೆಣೆಯನ್ನು ಯಾರೂ ಬಿಟ್ಟು ಹೋಗುವುದಿಲ್ಲ. ಚಕ್ರಕ್ಕೆ ಕೊಟ್ಟ ಬೆಣೆಯ ಹಗ್ಗವನ್ನು ಬಾಗಿಲಿನ ಹಿಡಿಗೆ ಕಟ್ಟಿದರೆ ಮರೆಯಲೂ ಆಗುವುದಿಲ್ಲ. ತ್ರಿಕೋನವೂ ಹಾಗೆಯೇ.

ಇನ್ನೊಂದು ಕೆಲಸ ನನ್ನ ವೃತ್ತಿಗೆ ತಕ್ಕದ್ದು. ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಹಾಜರಿ ಪಟ್ಟಿ ಅಂಟಿಸಿದೆ. ಹೊರಡುವ ಮೊದಲು ಮೊಮ್ಮಗಳು ಹೆಸರು ಕೂಗಬೇಕು, ಅಳಿಯ ವಸ್ತುವನ್ನು ತೋರಿಸಬೇಕು. ಕೋಳತ್ತೂರು ದಾಟಿ ಪಾಲಾರ್ ಕಡೆಗೆ ಹೋಗುವಾಗ ಚೂಪಾದ ಅಂಚಿಗೆ ತಾಗಿ ಮುಂದಿನ ಟೈರಿನ ಪಕ್ಕೆ ಸೀಳಿತು. ಒಂದು ಕಡೆ ಕಾಡು, ಇಳಿಹೊತ್ತು. ನನ್ನ ಶ್ರೀಮತಿ ಮಹದೇಶ್ವರನನ್ನು ಒಮ್ಮೆ ನೆನೆದಳು. ಆದರೆ ಗಾಬರಿಯಾಗಲಿಲ್ಲ. ತ್ರಿಕೋನ ಹಿಂದೆ ಹೋಯಿತು, ಬೆಣೆ ಚಕ್ರಕ್ಕೆ ಬಂತು, ಹಲಗೆ, ಜಾಕಿ, ಪೈಪು ಒಂದಾದ ಮೇಲೊಂದು ಕೈಗೆ ಬಂದವು. ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ಮೊಮ್ಮಗಳು ಗಟ್ಟಿಯಾಗಿ, "ಬೆಣೆ ಎರಡು, ತ್ರಿಕೋನ ಒಂದು, ಹಲಗೆ ಒಂದು, ಜಾಕಿ ಒಂದು" ಎಂದು ಕೂಗಿದಳು. ಎಲ್ಲವೂ ಹಾಜರು. ಬೆಟ್ಟ ಮುಟ್ಟಿದೊಡನೆ ಮಾಡಿದ ಮೊದಲ ಕೆಲಸ ಸೀಳಿದ ಟೈರಿಗೆ ಬದಲು ಹುಡುಕಿದ್ದು. ಸ್ಟೆಪ್ನಿ ಇಲ್ಲದೆ ಮುಂದೆ ಹೊರಡಕೂಡದೆಂಬುದನ್ನು ಮಹದೇಶ್ವರನೂ ಒಪ್ಪಿಯಾನು.

ಹಿಂದಿರುಗುವಾಗ ಪೆನ್ನಾಗರಂನಿಂದ ಧರ್ಮಪುರಿಗೆ ಬರುವ ರಸ್ತೆಯಲ್ಲಿ ಒಂದು ಕಡೆ ಬಾಡಿದ ಸೊಪ್ಪು, ಅದರ ಪಕ್ಕದಲ್ಲಿ ಒಂದು ಕಲ್ಲು ಕಂಡವು. ಗಾಡಿಯಿರಲಿಲ್ಲ. ಅಳಿಯನಿಗೆ ಬದಿಗೆ ನಿಲ್ಲಿಸಲು ಹೇಳಿ, ಎರಡು ದಿಕ್ಕನ್ನೂ ನೋಡಿ, ಇಳಿದು ಕಲ್ಲನ್ನು ಕಾಲಿನಿಂದ ಉರುಳಿಸಿ ಪೊದೆಯೊಳಕ್ಕೆ ತಳ್ಳಿದೆ. ಮರಳಿ ಹತ್ತಿದಾಗ ಮೊಮ್ಮಗಳು, "ತಾತ, ಅದು ನಾವಿಟ್ಟ ಕಲ್ಲಾ?" ಎಂದು ಕೇಳಿದಳು. ಆಗ ಮೊದಲ ಬಾರಿಗೆ 1985ರ ಕಥೆಯನ್ನು ಹೇಳಿದೆ. ಆಕೆ ಸುಮ್ಮನೆ ಕೇಳಿದಳು. ನನ್ನ ಶ್ರೀಮತಿಗೂ ಅದು ಹೊಸ ಸುದ್ದಿ. ಆ ಭಾನುವಾರ ನಾನು ಎಲ್ಲಿಗೆ ಹೋಗಿದ್ದೆನೆಂದು ಆಕೆಗೆ ಅಂದೇ ತಿಳಿದದ್ದು.

ಧರ್ಮಪುರಿ ದಾಟಿ ತೊಪ್ಪೂರು ಘಟ್ಟ ಬಂತು. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಅಣ್ಣನ ಮತ್ತೊಂದು ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟ ಲಾರಿಗಳು ಬ್ರೇಕು ಕಾದು ಹಿಡಿತ ತಪ್ಪಿ ಆ ಇಳಿಜಾರಿನಲ್ಲಿ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿವೆ. ಅದನ್ನು ತಡೆಯುವ ಉಪಕರಣ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಅಳಿಯ ಕೆಳಗಿನ ಗೇರಿಗೆ ಇಳಿಸಿ ನಿಧಾನವಾಗಿ ಇಳಿದರು.

ಸಂಘದ ಬಂಧುಗಳಲ್ಲಿ ಹಲವರು ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ವಾಹನಗಳಲ್ಲಿ ದೂರ ಹೊರಡುವವರಿದ್ದೀರಿ. ಹೊರಡುವ ಹಿಂದಿನ ಭಾನುವಾರ ಮನೆಯ ಮುಂದೆ ಒಮ್ಮೆ ಚಕ್ರ ಬದಲಾಯಿಸಿ ನೋಡಿ, ಪೆಟ್ಟಿಗೆಯಲ್ಲಿ ಏನಿರಬೇಕೆಂದು ಅದೇ ಹೇಳುತ್ತದೆ. ಎರಡು ಬೆಣೆಗಳನ್ನು ಮಾತ್ರ ನನ್ನ ಮಾತಿಗಾಗಿ ಮಾಡಿಸಿಕೊಳ್ಳಿ. ದಾರಿಯಲ್ಲಿ ಕಲ್ಲನ್ನೇ ಇಡಬೇಕಾಗಿ ಬಂದರೆ ಎಷ್ಟು ಇಟ್ಟಿರೆಂದು ಎಣಿಸಿಕೊಳ್ಳಿ, ಹೊರಡುವ ಮುನ್ನ ಅಷ್ಟನ್ನೂ ತೆಗೆದಿಡಿ.